ಸುರಪುರದ ‘ಅಪ್ಪ’: ಮೆಡೋಸ್ ಟೇಲರನ ಆತ್ಮಕಥೆಯೂ ಐದನೆಯ ಆಜ್ಞೆಯೂ

ಸುರಪುರ ಸಂಸ್ಥಾನದ ಕೊನೆಯ ದಿನಗಳ ಚರಿತ್ರೆಯನ್ನು ಬರೆಯಲು ಕುಳಿತವರು ಫಿಲಿಪ್ ಮೆಡೋಸ್ ಟೇಲರನ ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂಬ ಆತ್ಮಕಥೆಯನ್ನು ಬದಿಗಿರಿಸುವಂತಿಲ್ಲ. 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಅಲ್ಲಿಯ ಆಡಳಿತದ ಸೂತ್ರವನ್ನು ಹಿಡಿದಿದ್ದ ಈ ಆಂಗ್ಲ ಅಧಿಕಾರಿಯು ತನ್ನ ಕಣ್ಣೆದುರಿಗೆ ನಡೆದುದನ್ನು ತಾನೇ ಬರೆದಿಟ್ಟಿದ್ದಾನೆ. ಅದನ್ನು ಆಕರವೆಂದು ಬಳಸುವುದು ನಮ್ಮಲ್ಲಿ ರೂಢಿಯಾಗಿದೆ. ಕೃತಿಯೆಂದು ಓದುವುದು ಅಷ್ಟಾಗಿ ರೂಢಿಗೆ ಬಂದಿಲ್ಲ. ಆಕರವನ್ನು ಓದುವವನು ‘ಇದು ನಿಜವೇ?’ ಎಂದು ಕೇಳಿ ಮುಂದೆ ಹೋಗುತ್ತಾನೆ. ಕೃತಿಯನ್ನು ಓದುವವನಾದರೋ ‘ಇದನ್ನು ಹೀಗೇಕೆ ಹೇಳಿದೆ?’ ಎಂದು ಅಲ್ಲಿಯೇ ನಿಲ್ಲಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ಈ ಎರಡನೆಯ ಪ್ರಶ್ನೆಯನ್ನು ಹಿಡಿದು, ಆ ಗ್ರಂಥದಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದೇ ಒಂದು ಕನ್ನಡ ಶಬ್ದದ ಬೆನ್ನು ಹತ್ತಿ ಹೋಗಬೇಕೆಂದಿದ್ದೇವೆ. ಆ ಶಬ್ದ ‘ಅಪ್ಪ’. ಸುರಪುರದ ಬಾಲರಾಜನಾದ ವೆಂಕಟಪ್ಪನಾಯಕನು ಟೇಲರನನ್ನು ಕರೆಯುತ್ತಿದ್ದುದು ಹಾಗೆ. ಇಂಗ್ಲಿಷಿನಲ್ಲಿ ಬರೆದ ಗ್ರಂಥದೊಳಗೆ ಅನುವಾದವಾಗದೆ ಉಳಿದ ಈ ಸಂಬೋಧನೆಯೇ ಸುರಪುರದ ವೃತ್ತಾಂತಕ್ಕೆಲ್ಲ ಕೀಲಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಕಥೆಯ ಹಂದರವನ್ನು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಸಂಕ್ಷೇಪವಾಗಿ ನೆನೆಯೋಣ. ಟೇಲರನು ಬಂದಾಗ ರಾಜಾ ಕೃಷ್ಣಪ್ಪನಾಯಕನ ಮಗನು ಏಳೆಂಟು ವರ್ಷದ ಹುಡುಗ. ಹುಡುಗನ ತಾಯಿ ರಾಣಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡನಾಯಕನಿಗೂ ಅಧಿಕಾರದ ವಿಷಯದಲ್ಲಿ ಪೈಪೋಟಿ. ಸಂಸ್ಥಾನದ ಮೇಲೆ ಸಾಲದ ಹೊರೆ. ಟೇಲರನು ರಾಣಿಯನ್ನು ಅಧಿಕಾರದಿಂದ ದೂರ ಸರಿಸಿ, ಸಾಲವನ್ನು ಇಳಿಸಿ, ಹುಡುಗನು ಪ್ರಾಪ್ತವಯಸ್ಕನಾದಾಗ 1853ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಹೊರಟುಹೋದನು. ನಾಲ್ಕೈದು ವರ್ಷಗಳಲ್ಲಿ ಸಾಲ ಮರಳಿ ಬೆಳೆಯಿತು. 1858ರ ಫೆಬ್ರವರಿಯಲ್ಲಿ ರಾಜನು ಬ್ರಿಟಿಷರ ಪಡೆಯ ಮೇಲೆ ಬಿದ್ದು, ಸೋತು, ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಮರಣದಂಡನೆಯು ಮೊದಲು ದೇಶಾಂತರವಾಸಕ್ಕೂ ಕೊನೆಗೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೂ ಇಳಿಯಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ಅವನು ಮಡಿದನು. ಅದು ಅಕಸ್ಮಾತ್ತೋ ಆತ್ಮಹತ್ಯೆಯೋ ತೀರ್ಮಾನವಾಗಲಿಲ್ಲ. 1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ಸುರಪುರದ ಜನ ಇಂದು ವೆಂಕಟಪ್ಪನಾಯಕನನ್ನು ಸ್ವಾತಂತ್ರ್ಯವೀರನೆಂದು ಗೌರವಿಸುತ್ತಾರೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ಟೇಲರನ ಹೆಸರಿನಿಂದಲೇ ಕರೆಯುತ್ತಾರೆ. ಒಂದೇ ಊರು ಇಬ್ಬರನ್ನೂ ನೆನಪಿನಲ್ಲಿಟ್ಟುಕೊಂಡಿದೆ.

ಇನ್ನು ‘ಅಪ್ಪ’ ಎಂಬ ಶಬ್ದ. ಇದನ್ನು ಕೇಳಿದ ಇಂಗ್ಲಿಷ್ ಓದುಗನಿಗೆ ‘ತಂದೆ’ ಎಂಬ ಒಂದೇ ಅರ್ಥ ಹೊಳೆಯುತ್ತದೆ; ಟೇಲರನು ಅವನಿಗೆ ಕೊಡಬಯಸಿದುದೂ ಅದನ್ನೇ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಕನ್ನಡವನ್ನು ಬಲ್ಲವರ ಕಿವಿಗೆ ಈ ಶಬ್ದ ಅಷ್ಟು ಕಿರಿದಲ್ಲ. ಹೆತ್ತ ತಂದೆ ಅಪ್ಪ. ಮಠದ ಗುರುವೂ ಅಪ್ಪ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನು ಜನ ಕರೆಯುವುದು ಆ ಹೆಸರಿನಿಂದಲೇ. ಹಿರಿಯನಿಗೆ, ಉಪಕಾರಿಗೆ, ಎದುರಿಗೆ ನಿಂತ ಅಪರಿಚಿತನಿಗೆ ಸಹ ‘ಅಪ್ಪಾ’ ಎನ್ನುವುದುಂಟು. ತಾಯಿಯು ತೊಡೆಯ ಮೇಲಿನ ಕೂಸನ್ನು ‘ನನ್ನಪ್ಪ’ ಎಂದು ಮುದ್ದಾಡುತ್ತಾಳೆ. ಪೆಟ್ಟು ಬಿದ್ದವನ ಬಾಯಿಂದ ‘ಯಪ್ಪಾ’ ಎಂಬ ಕೂಗು ತಾನಾಗಿ ಹೊರಡುತ್ತದೆ. ಆ ಕ್ಷಣದಲ್ಲಿ ಅವನು ಯಾವ ತಂದೆಯನ್ನೂ ನೆನೆದಿರುವುದಿಲ್ಲ. ಅಷ್ಟೇಕೆ, ವೆಂಕಟಪ್ಪ ಎಂಬ ಆ ಹುಡುಗನ ಹೆಸರಿನಲ್ಲಿಯೂ ಅವನ ತಂದೆಯಾದ ಕೃಷ್ಣಪ್ಪನ ಹೆಸರಿನಲ್ಲಿಯೂ ‘ಅಪ್ಪ’ ಸೇರಿಯೇ ಇದೆ. ಇಷ್ಟೆಲ್ಲ ಅರ್ಥಗಳ ನಡುವೆ ಸುರಪುರದ ಹುಡುಗನು ಯಾವುದನ್ನು ಮನಸ್ಸಿನಲ್ಲಿಟ್ಟು ಕರೆದನೆಂಬುದನ್ನು ನಿರ್ಣಯಿಸಲು ಗ್ರಂಥದಲ್ಲಿ ಸಾಧನವಿಲ್ಲ. ಒಂದೊಂದು ಹೊತ್ತಿನಲ್ಲಿ ಒಂದೊಂದಿದ್ದಿರಬೇಕು. ಟೇಲರನು ಅವುಗಳಲ್ಲಿ ಒಂದನ್ನು ಆರಿಸಿಕೊಂಡನು, ಮತ್ತು ಅದರ ಮೇಲೆ ತನ್ನ ಕಥೆಯನ್ನು ಕಟ್ಟಿದನು. ಬೇರೆ ಜಿಲ್ಲೆಗಳಲ್ಲಿ ಜನ ‘ಮೆಡೋಸ್’ ಎಂಬುದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಅವನನ್ನು ‘ಮಹಾದೇವ ಬಾಬಾ’ ಎಂದರು. ಅದನ್ನೂ ಅವನು ಸಂತೋಷದಿಂದ ಬರೆದುಕೊಂಡಿದ್ದಾನೆ. ತಂದೆಯೆನಿಸಿಕೊಳ್ಳುವುದು ಅವನಿಗೆ ಪ್ರಿಯವಾಗಿತ್ತು.

ಹೀಗೆ ಆರಿಸಿಕೊಳ್ಳಲು ಅವನು ಬೆಳೆದ ಧರ್ಮದ ಬೋಧನೆಯು ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಮೋಶೆಯ ಹತ್ತು ಆಜ್ಞೆಗಳಲ್ಲಿ ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬುದು ಯೆಹೂದ್ಯರ ಹಾಗೂ ಇಂಗ್ಲೆಂಡಿನ ಸಭೆಯವರ ಎಣಿಕೆಯಲ್ಲಿ ಐದನೆಯದು, ರೋಮನ್ ಕ್ಯಾಥೊಲಿಕರ ಮತ್ತು ಲೂಥರನ ಅನುಯಾಯಿಗಳ ಎಣಿಕೆಯಲ್ಲಿ ನಾಲ್ಕನೆಯದು. ಎಣಿಕೆ ಹೇಗಿದ್ದರೂ ಮಾತು ಒಂದೇ. ಹೀಬ್ರೂ ಮೂಲದಲ್ಲಿರುವ ಕ್ರಿಯಾಪದ ‘ಕಬ್ಬೇದ್’. ಭಾರ ಎಂಬುದು ಅದರ ಧಾತ್ವರ್ಥ. ತಂದೆತಾಯಿಗಳನ್ನು ಭಾರವುಳ್ಳವರೆಂದು ಎಣಿಸು, ಅವರಿಗೆ ತೂಕ ಕೊಡು ಎಂಬುದು ಅದರ ಭಾವ. ತಂದೆತಾಯಿಗಳನ್ನು ಶಪಿಸುವವನನ್ನು ಕುರಿತ ವಿಧಿಯಲ್ಲಿ ಬರುವ ಹೀಬ್ರೂ ಶಬ್ದವು ಇದಕ್ಕೆ ನೇರವಾದ ವಿರೋಧಪದ. ಅದರ ಮೂಲದಲ್ಲಿರುವುದು ಹಗುರವೆಂಬ ಅರ್ಥ. ಇದನ್ನು ಗ್ರಹಿಸುವುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಸಂಸ್ಕೃತದ ‘ಗುರು’ ಎಂದರೆ ಭಾರವಾದದ್ದು, ಅದರಿಂದ ‘ಗೌರವ’. ಕನ್ನಡದಲ್ಲಿ ಹಿರಿಯರನ್ನು ‘ಹಗುರವಾಗಿ’ ಮಾತನಾಡಬಾರದು ಎನ್ನುತ್ತೇವೆ. ತೂಕದ ಮನುಷ್ಯ, ಹಗುರ ಮನುಷ್ಯ ಎಂಬ ಭೇದವನ್ನು ನಮ್ಮ ಹಳ್ಳಿಗರೂ ಬಲ್ಲರು. ಕನ್ನಡ ಬೈಬಲಿನ ‘ಸನ್ಮಾನಿಸು’ ಎಂಬ ಶಬ್ದಕ್ಕಿಂತ ‘ಗೌರವಿಸು’ ಎಂಬುದು ಮೂಲಕ್ಕೆ ಹತ್ತಿರವಾಗುತ್ತಿತ್ತೇನೋ. ಸನ್ಮಾನವೆಂದರೆ ಈಗ ಸಭೆಯಲ್ಲಿ ಶಾಲು ಹೊದಿಸಿ ಹಾರ ಹಾಕಿ ಕಳುಹಿಸುವುದಾಗಿಬಿಟ್ಟಿದೆ. ತಂದೆತಾಯಿಗಳಿಗೂ ಅಷ್ಟರಿಂದಲೇ ತೃಪ್ತಿಯಾಗಲೆಂದು ಎಣಿಸುವ ಮಕ್ಕಳಿಲ್ಲದೆ ಇಲ್ಲ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಆಜ್ಞೆಯಲ್ಲಿ ಎಲ್ಲಿಯೂ ‘ಮಾತು ಕೇಳು’ ಎಂಬ ವಿಧಿಯಿಲ್ಲ. ಅದು ದೊಡ್ಡವರಾದ ಮಕ್ಕಳನ್ನು ಉದ್ದೇಶಿಸಿದ್ದು, ಮುಪ್ಪಿನ ತಂದೆತಾಯಿಗಳನ್ನು ಕೈಬಿಡದಿರುವುದು ಅದರ ಮುಖ್ಯಾಭಿಪ್ರಾಯವೆಂದು ಬೈಬಲ್ ವಿದ್ವಾಂಸರು ಹೇಳುತ್ತಾರೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸುವು ಈ ಆಜ್ಞೆಯನ್ನು ಎತ್ತಿದುದೂ ಆ ಅರ್ಥದಲ್ಲಿಯೇ. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’ ಎಂದು, ಅಂದರೆ ದೇವರಿಗೆ ಮೀಸಲೆಂದು, ಹೇಳಿ ಕೊಡದೆ ತಪ್ಪಿಸಿಕೊಳ್ಳುವವರನ್ನು ಆತನು ಅಲ್ಲಿ ಖಂಡಿಸುತ್ತಾನೆ. ಮಾತು ಕೇಳುವ ವಿಧಿ ಬರುವುದು ಹೊಸ ಒಡಂಬಡಿಕೆಯ ಪತ್ರಗಳಲ್ಲಿ, ಎಫೆಸದವರಿಗೆ ಬರೆದ ಪತ್ರದ 6ನೆಯ ಮತ್ತು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯಗಳಲ್ಲಿ. ಅಲ್ಲಿಯ ಗ್ರೀಕ್ ಕ್ರಿಯಾಪದದಲ್ಲಿ ‘ಕೇಳು’ ಎಂಬ ಧಾತುವೇ ಅಡಗಿದೆ. ನಮ್ಮ ‘ಹೇಳಿದ ಮಾತು ಕೇಳು’ ಎಂಬ ನುಡಿಕಟ್ಟಿಗೆ ಅದು ಸರಿಸಮನಾದದ್ದು. ಎಫೆಸದ ಪತ್ರದ ಲೇಖಕನು ಎರಡನ್ನೂ ಒಟ್ಟಿಗೆ ಇಡುತ್ತಾನೆ: ಮೊದಲು ಮಕ್ಕಳಿಗೆ ಮಾತು ಕೇಳುವ ವಿಧಿ, ಅದರ ಬೆನ್ನಿಗೆ ಹಳೆಯ ಆಜ್ಞೆಯ ಗೌರವದ ಮಾತು. ಒಟ್ಟಿಗೆ ಇಟ್ಟನೇ ಹೊರತು ಎರಡೂ ಒಂದೇ ಎನ್ನಲಿಲ್ಲ. ಮಾತು ಕೇಳುವುದು ‘ಕರ್ತನಲ್ಲಿ’ ಎಂಬ ಒಂದು ಕಟ್ಟನ್ನೂ ಹಾಕಿದನು. ವ್ಯಾಟಿಕನ್ ಹಸ್ತಪ್ರತಿಯೇ ಮೊದಲಾದ ಕೆಲವು ಪ್ರಾಚೀನ ಪ್ರತಿಗಳಲ್ಲಿ ಆ ಮಾತು ಇಲ್ಲವೆಂಬುದನ್ನು ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ಗುರುತಿಸಿಕೊಳ್ಳಬೇಕು. ಅದು ಮೂಲದ್ದಾದರೂ ಆಗಿರಲಿ, ಯಾರೋ ಲಿಪಿಕಾರನು ಸೇರಿಸಿದ್ದಾದರೂ ಆಗಿರಲಿ, ಎಲ್ಲೆಯೊಂದು ಬೇಕೆಂದು ಕ್ರೈಸ್ತ ಪರಂಪರೆಗೆ ಬಹು ಹಿಂದೆಯೇ ತೋರಿತ್ತು. ಎರಡು ಪತ್ರಗಳಲ್ಲಿಯೂ ಮಕ್ಕಳ ವಿಧಿಯ ಹಿಂದೆಯೇ ತಂದೆಗಳಿಗೊಂದು ವಿಧಿಯಿದೆ: ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬಾರದು, ಅವರು ಎದೆಗುಂದುವಂತೆ ಮಾಡಬಾರದು. ಉಪದೇಶ ಮಾಡುವವರು ಮೊದಲನೆಯ ವಾಕ್ಯವನ್ನು ಮಕ್ಕಳಿಗೆ ಓದಿಹೇಳಿ, ಎರಡನೆಯದನ್ನು ತಮಗೆ ಓದಿಕೊಳ್ಳಲು ಮರೆಯುವುದು ಕ್ರೈಸ್ತರಲ್ಲಿ ಮಾತ್ರ ಕಾಣುವ ದೋಷವೇನೂ ಅಲ್ಲ.

ಈ ಮನೆಯೊಳಗಣ ವಿಧಿಯು ಅರಮನೆಗೂ ಕಚೇರಿಗೂ ಹಬ್ಬಿದುದು ಪ್ರಶ್ನೋತ್ತರಮಾಲೆಗಳ ಮೂಲಕ. ಇಂಗ್ಲೆಂಡಿನ ಸಭೆಯ ಪ್ರಾರ್ಥನಾಗ್ರಂಥದಲ್ಲಿ ಮಕ್ಕಳಿಗಾಗಿ ಇರುವ ಪ್ರಶ್ನೋತ್ತರಮಾಲೆಯು, ನೆರೆಯವನ ವಿಷಯದಲ್ಲಿ ನಿನ್ನ ಕರ್ತವ್ಯವೇನೆಂದು ಕೇಳಿ, ತಂದೆತಾಯಿಗಳನ್ನು ಗೌರವಿಸುವುದರೊಡನೆ ಅರಸನಿಗೂ ಅವನ ಕೆಳಗಿನ ಅಧಿಕಾರಿಗಳಿಗೂ ಉಪಾಧ್ಯಾಯರಿಗೂ ಒಡೆಯರಿಗೂ ವಿನೀತನಾಗಿರುವುದನ್ನು ಉತ್ತರವಾಗಿ ಹೇಳಿಸುತ್ತದೆ. ಲೂಥರನ ದೊಡ್ಡ ಪ್ರಶ್ನೋತ್ತರಮಾಲೆಯೂ ಎಲ್ಲ ಅಧಿಕಾರವನ್ನು ತಂದೆತನದಿಂದಲೇ ಹೊರಡಿಸುತ್ತದೆ. 19ನೆಯ ಶತಮಾನದ ಆಂಗ್ಲ ಬಾಲಕರು ಇಂತಹ ಪಾಠಗಳನ್ನು ಬಾಯಿಪಾಠ ಮಾಡಿ ಬೆಳೆದರು. ಟೇಲರನು ಸುರಪುರದ ಪ್ರಸಂಗದಲ್ಲಿ ಐದನೆಯ ಆಜ್ಞೆಯನ್ನು ಉದ್ಧರಿಸಿದನೆಂದು ನಾವು ಹೇಳುತ್ತಿಲ್ಲ. ಆಳುವವನು ತಂದೆ, ಆಳಿಸಿಕೊಳ್ಳುವವನು ಮಗ ಎಂಬ ಸಮೀಕರಣವು ಅವನಿಗೆ ವಾದ ಮಾಡಿ ಸಾಧಿಸಬೇಕಾದ ವಿಷಯವಾಗಿರಲಿಲ್ಲ, ಉಸಿರಾಡುವ ಗಾಳಿಯಂತೆ ಸಹಜವಾಗಿತ್ತು ಎಂಬಷ್ಟೇ ನಮ್ಮ ಮಾತು. ಸುರಪುರದ ಹುಡುಗನು ‘ಅಪ್ಪ’ ಎಂದಾಗ ಆ ಸಮೀಕರಣಕ್ಕೆ ಸಾಕ್ಷಿ ತಾನಾಗಿ ಒದಗಿತು.

ಪ್ರಾಸಂಗಿಕವಾಗಿ ಇನ್ನೊಂದು ಸಂಗತಿ. ಟೇಲರನ ತರುವಾಯದ ಕಾಲದಲ್ಲಿ ಈ ಸೀಮೆಗೆ ಬಂದ ಪ್ರಾಟೆಸ್ಟೆಂಟ್ ಬೋಧನೆ ಮುಖ್ಯವಾಗಿ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನದು; ಯಾದಗಿರಿಯ ಹೋಲ್ಸ್‌ಟನ್ ಆಸ್ಪತ್ರೆ ಅವರ ಸೇವೆಯ ಗುರುತು. ಆ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ತಂದೆತಾಯಿಗಳ ಮಾತು ಕೇಳುವ ವಿಷಯದಲ್ಲಿಯೇ ಒಂದು ಪ್ರಸಂಗವನ್ನು ಬರೆದಿದ್ದಾನೆ. ಕೊಲೊಸ್ಸೆಯ ಪತ್ರದ ವಾಕ್ಯವೇ ಅದಕ್ಕೆ ಆಧಾರ. ಮಗುವಿನ ಹಟವನ್ನು ಎಳೆಯ ವಯಸ್ಸಿನಲ್ಲಿಯೇ ಮುರಿಯಬೇಕೆಂದು ಅವನ ಮತ. ಅದು ಅವನ ತಾಯಿ ಸುಸಾನಳಿಂದ ಬಂದ ಪಾಠ. ಅದನ್ನೋದುವಾಗ ಇಂದಿನವರಿಗೆ ಮುಜುಗರವಾಗುತ್ತದೆ. ಆದರೂ ದೇವರ ವಿಧಿಗೆ ವಿರುದ್ಧವಲ್ಲದ ವಿಷಯಗಳಲ್ಲಿ ಮಾತ್ರ ಈ ವಿಧೇಯತೆ ಸಲ್ಲುತ್ತದೆಂಬ ಎಲ್ಲೆಯನ್ನು ಅವನೂ ಇಟ್ಟುಕೊಂಡಿದ್ದನು. ಕಠಿನವಾದ ಬೋಧಕನು ಸಹ ಇಟ್ಟುಕೊಂಡ ಈ ಎಲ್ಲೆಯು ರಾಜಕಾರಣದ ತಂದೆತನದಲ್ಲಿ ಅಳಿಸಿಹೋಗುತ್ತದೆ. ಅಲ್ಲಿ ಯಾವುದು ಎಲ್ಲೆಯೆಂದು ಹೇಳುವವನೂ ತಂದೆಯೇ.

ಆಜ್ಞೆಯಲ್ಲಿ ಇನ್ನೊಂದು ಹೆಸರಿದೆ. ಅದನ್ನು ಟೇಲರನ ಗ್ರಂಥ ಮರೆಸುತ್ತದೆ. ‘ತಂದೆಯನ್ನು’ ಎಂದಷ್ಟೇ ಹೇಳಿ ಆಜ್ಞೆಯು ನಿಲ್ಲಲಿಲ್ಲ, ‘ತಾಯಿಯನ್ನು’ ಎಂದೂ ಹೇಳಿತು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಇದೇ ವಿಧಿ ಬರುವಾಗ ತಾಯಿಯ ಹೆಸರೇ ಮೊದಲು ಬಂದಿದೆ. ಸುರಪುರದ ವೃತ್ತಾಂತದಲ್ಲಿ ತಾಯಿ ಈಶ್ವರಮ್ಮನಿಗೆ ದೊರೆತ ಸ್ಥಾನವೇನು? ಅವಳು ಹಟಮಾರಿ, ಒಳಸಂಚಿನವಳು, ನಡತೆಗೆಟ್ಟವಳು, ಮಗನನ್ನು ಕೆಡಿಸುವವಳು. ಅವಳ ಮಾತುಗಳೆಲ್ಲವೂ ಟೇಲರನ ಲೇಖನಿಯ ಮೂಲಕವೇ ನಮಗೆ ಬರುತ್ತವೆ. ಅವನು ಬರೆದುದು ಪೂರ್ಣ ಸುಳ್ಳೆಂದು ಹೇಳಲು ನಮಗೆ ಆಧಾರವಿಲ್ಲ. ಸಂಸ್ಥಾನದ ಸ್ಥಿತಿ ನಿಜವಾಗಿಯೂ ಕೆಟ್ಟಿತ್ತು. ಆದರೆ ಕೃತಿಯ ರಚನೆಯನ್ನು ನೋಡುವವನಿಗೆ ಒಂದು ಕ್ರಮ ಕಾಣದೆ ಹೋಗದು. ಹುಡುಗನ ತಂದೆ ಸತ್ತಿದ್ದಾನೆ. ಆ ಜಾಗ ತೆರವಾಗಿದೆ. ತಾಯಿ ಬದುಕಿದ್ದಾಳೆ, ಅವಳ ಜಾಗ ತೆರವಾಗಿಲ್ಲ. ‘ಅಪ್ಪ’ನು ಮನೆಯೊಳಗೆ ಬಂದು ಕುಳಿತುಕೊಳ್ಳಬೇಕಾದರೆ ತಾಯಿಯು ತಾಯಿತನಕ್ಕೆ ಅನರ್ಹಳೆಂದು ಮೊದಲು ಸಿದ್ಧವಾಗಬೇಕು. ಗ್ರಂಥವು ಅದನ್ನು ನಿಷ್ಠೆಯಿಂದ ಸಿದ್ಧಪಡಿಸುತ್ತದೆ. ಮಗನು ಅಪ್ಪನ ಮಾತು ಕೇಳಿದರೆ ಆಜ್ಞೆಯನ್ನು ಪಾಲಿಸಿದಂತೆ, ಅಮ್ಮನ ಮಾತು ಕೇಳಿದರೆ ದುರ್ಬೋಧೆಗೆ ಒಳಗಾದಂತೆ! ಒಂದೇ ಆಜ್ಞೆ ನಡುವೆ ಸೀಳಿಹೋಗಿದೆ. ಹನ್ನೆರಡು ವರ್ಷಕಾಲ ಈ ಸೀಳಿನ ನಡುವೆ ಬೆಳೆದ ಹುಡುಗನು ಮುಂದೆ ಯಾರ ಮಾತನ್ನೂ ಕೇಳದವನಾದನೆಂದು ಟೇಲರನು ವಿಷಾದಪಡುತ್ತಾನೆ. ಆ ವಿಷಾದ ನಿಜವಾದದ್ದು. ಅದರ ಕಾರಣವನ್ನು ಮಾತ್ರ ಅವನು ತನ್ನ ಪುಟಗಳಲ್ಲಿ ಹುಡುಕಿಕೊಳ್ಳಲಿಲ್ಲ.

ಇದಕ್ಕೆ ಅವನ ಸ್ವಂತ ಬಾಲ್ಯದ ಕಥೆಯನ್ನು ಜೊತೆಗಿಟ್ಟು ಓದಬೇಕು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರನ ತಂದೆಗೆ ವ್ಯಾಪಾರದಲ್ಲಿ ಏರುಪೇರಾಯಿತು. ಮುಂಬಯಿಯ ವರ್ತಕನೊಬ್ಬನು ಹುಡುಗನನ್ನು ತನ್ನ ಮಳಿಗೆಗೆ ಸೇರಿಸಿಕೊಂಡು ಮುಂದೆ ಪಾಲುದಾರನನ್ನಾಗಿ ಮಾಡುವೆನೆಂದು ಆಸೆ ತೋರಿಸಿದನು. ತಂದೆಯು ಒಪ್ಪಿ 1824ರಲ್ಲಿ ಹದಿನೈದು ವರ್ಷದ ಮಗನನ್ನು ಹಡಗು ಹತ್ತಿಸಿದನು. ಹುಡುಗನು ಮಾತು ಕೇಳಿದನು. ಬಂದು ನೋಡಿದರೆ ಆ ಮಳಿಗೆಯೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುಗಳ ನೆರವಿನಿಂದ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕದಿದ್ದರೆ ಅವನ ಗತಿ ಏನಾಗುತ್ತಿತ್ತೋ! ಇಷ್ಟಾದರೂ ತಂದೆಯ ಮೇಲೆ ಒಂದು ಆಕ್ಷೇಪದ ಮಾತನ್ನೂ ಅವನು ಬೆಳೆಸುವುದಿಲ್ಲ. ತಂದೆಯ ನಿರ್ಧಾರ ತಪ್ಪಾಗಿತ್ತು, ಆದರೂ ತಂದೆಯ ತೂಕ ಮಗನ ಮನಸ್ಸಿನಲ್ಲಿ ಇಳಿಯಲಿಲ್ಲ. ವಿಧೇಯತೆಯಿಂದ ಬಾಳು ಹಸನಾದ ಮಗನು ತಾನು; ಆದಕಾರಣ ತನ್ನನ್ನು ಅಪ್ಪನೆಂದು ಕರೆದವನ ಬಾಳೂ ಅದರಿಂದಲೇ ಹಸನಾಗಬೇಕೆಂದು ಅವನು ನಂಬಿದುದು ಸ್ವಾಭಾವಿಕ.

ಐದನೆಯ ಆಜ್ಞೆಗೆ ಒಂದು ವಾಗ್ದಾನ ಅಂಟಿಕೊಂಡಿದೆ. ಎಫೆಸದ ಪತ್ರದ ಲೇಖಕನು ವಾಗ್ದಾನಸಹಿತವಾದ ಮೊದಲನೆಯ ಆಜ್ಞೆಯೆಂದು ಇದನ್ನು ವಿಶೇಷವಾಗಿ ಎತ್ತಿ ಹೇಳಿದ್ದಾನೆ. ತಂದೆತಾಯಿಗಳನ್ನು ಗೌರವಿಸಿದವನು ದೇವರು ಕೊಟ್ಟ ನಾಡಿನಲ್ಲಿ ಬಹುಕಾಲ ಬಾಳುತ್ತಾನೆ. ನಾಡು ಮತ್ತು ಆಯುಸ್ಸು, ಇವೆರಡೇ ಅದರ ಫಲ. ಈಗ ಸುರಪುರದ ಕಥೆಯ ಅಂತ್ಯವನ್ನು ನೋಡಿ: ಮಾತು ಕೇಳದ ಮಗನು ಮೊದಲು ನಾಡನ್ನು ಕಳೆದುಕೊಂಡನು, ಹಿಂದೆಯೇ ಆಯುಸ್ಸನ್ನು. ವಾಗ್ದಾನವನ್ನು ತಲೆಕೆಳಗು ಮಾಡಿದರೆ ದೊರೆಯುವ ಆಕೃತಿ ಇದು. ಟೇಲರನು ಉದ್ದೇಶಪೂರ್ವಕವಾಗಿ ಹೀಗೆ ಹೆಣೆದನೆಂದು ಅಲ್ಲ. ಘಟನೆಗಳು ನಡೆದದ್ದೇ ಹಾಗೆ. ಆದರೆ ಆ ಪಾಠದಲ್ಲಿ ಬೆಳೆದ ಓದುಗನು ಈ ಪುಟಗಳಲ್ಲಿ ಆ ಆಕೃತಿಯನ್ನು ಕಾಣದಿರುವುದು ಕಷ್ಟ.

ಇಷ್ಟಕ್ಕೇ ನಿಂತಿದ್ದರೆ ಇದು ನೀತಿಕಥೆಯಾಗುತ್ತಿತ್ತು. ಅದನ್ನು ನೀತಿಕಥೆಯಾಗದಂತೆ ಉಳಿಸಿದ್ದು ಜಾತಕದ ಪ್ರಸಂಗ. ಹುಡುಗನು ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮಡಿಯುವನೆಂದು ಜೋಯಿಸರು ಅವನು ಹುಟ್ಟಿದಾಗಲೇ ಲೆಕ್ಕ ಹಾಕಿ ಬರೆದಿಟ್ಟಿದ್ದರೆಂದೂ ಆ ಗುಟ್ಟು ತನಗೆ ತಿಳಿಯಿತೆಂದೂ ಟೇಲರನು ಬರೆಯುತ್ತಾನೆ. ಕೊನೆಗೆ ಅದು ಹಾಗೆಯೇ ನಡೆಯಿತೆಂದು ಅಚ್ಚರಿಯಿಂದ ಸೇರಿಸುತ್ತಾನೆ. ಅಲ್ಲಗಳೆಯುವುದಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಇದರ ಫಲವೇನೆಂದರೆ ಒಂದೇ ಸಾವಿಗೆ ಗ್ರಂಥದಲ್ಲಿ ಎರಡು ವಿವರಣೆಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದರ ಪ್ರಕಾರ ಅವನು ಸತ್ತದ್ದು ಮಾತು ಕೇಳದ್ದರಿಂದ. ಇನ್ನೊಂದರ ಪ್ರಕಾರ ಅವನು ಮಾತು ಕೇಳಿದ್ದರೂ ಕೇಳದಿದ್ದರೂ ಸಾಯಲೇಬೇಕಾಗಿತ್ತು. ಅವನ ನಡತೆಯ ಮೇಲೆ ತೀರ್ಪು ಕೊಡಲು ಮೊದಲನೆಯದು ಬೇಕು; ಅವನಿಗಾಗಿ ಅಳಲು ಎರಡನೆಯದು ಬೇಕು. ಟೇಲರನಿಗೆ ಎರಡೂ ಬೇಕಾಗಿದ್ದುವು. ಕಾದಂಬರಿಕಾರನಾಗಿ ಹೆಸರು ಪಡೆದ ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ 1839ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಅಧಿಕಾರಿಯು ಕಾಣದುದನ್ನು ಕಾದಂಬರಿಕಾರನು ಇಲ್ಲಿ ಕಂಡಿದ್ದಾನೆ.

ಗ್ರಂಥದ ಅತ್ಯುತ್ತಮ ಪುಟಗಳು ಹೈದರಾಬಾದಿನ ಸೆರೆಮನೆಯ ಭೇಟಿಯನ್ನು ವರ್ಣಿಸುವ ಪುಟಗಳು. ಅವನನ್ನು ಕಂಡೊಡನೆ ಸೆರೆಯಾಳಾದ ರಾಜನು ‘ಅಪ್ಪಾ’ ಎಂದು ಕರೆದು ತಬ್ಬಿಕೊಂಡು ಅಳುತ್ತಾನೆ. ಇಂಗ್ಲಿಷ್ ಓದುಗನಿಗೆ ಇದು ದುಂದುಗಾರ ಮಗನ ಸಾಮ್ಯವನ್ನು ನೆನಪಿಗೆ ತಾರದಿರದು. ಲೂಕನ ಸುವಾರ್ತೆಯ ಆ ಕಥೆಯಲ್ಲಿ ಮಗನು ಮರಳಿ ಬಂದಾಗ ತಂದೆಯು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ, ಏನನ್ನೂ ಕೇಳುವುದಿಲ್ಲ. ಇಲ್ಲಿಯ ಅಪ್ಪನಿಗೆ ಕ್ಷಮಿಸುವ ಅಧಿಕಾರವಿಲ್ಲ, ಕೇಳಬೇಕಾದ ಪ್ರಶ್ನೆಯೊಂದಿದೆ. ದಂಗೆಗೆ ರಾಜನನ್ನು ಎಬ್ಬಿಸಿದವರು ಯಾರೆಂಬುದು ರೆಸಿಡೆಂಟನಿಗೆ ತಿಳಿಯಬೇಕಾಗಿದೆ; ಹೆಸರುಗಳನ್ನು ಹೇಳಿದರೆ ರಾಜನಿಗೆ ಒಳ್ಳೆಯದಾದೀತು. ಹದಿನೈದು ವರ್ಷಗಳ ಹಿಂದೆ ಮಗುವಿನ ಬಾಯಿಂದ ಬಂದ ಸಂಬೋಧನೆಯನ್ನು ಸರಕಾರವು ಈಗ ಬಳಸಿಕೊಳ್ಳಬಯಸುತ್ತದೆ. ಟೇಲರನು ಇದನ್ನು ಮುಚ್ಚಿಡುವುದಿಲ್ಲ. ಅದು ಅವನ ದೊಡ್ಡತನ. ಎಲ್ಲೆಯಿಲ್ಲದ ತಂದೆತನದ ನಿಜವಾದ ಪರೀಕ್ಷೆ ಈ ಘಟ್ಟದಲ್ಲಿದೆ ಎಂಬುದನ್ನು ಅವನು ಗುರುತಿಸಿದಂತೆ ಮಾತ್ರ ಕಾಣುವುದಿಲ್ಲ.

ರಾಜನು ಏನು ಮಾಡಿದನು? ಅಪ್ಪನೆನ್ನುವುದನ್ನು ಬಿಡಲಿಲ್ಲ, ಹೆಸರುಗಳನ್ನು ಹೇಳಲಿಲ್ಲ. ನಂಬಿದವರಿಗೆ ದ್ರೋಹ ಬಗೆಯಲಾರೆನೆಂದನು, ಜೀವಭಿಕ್ಷೆ ಬೇಡಲಾರೆನೆಂದನು. ಕಳ್ಳನಂತೆ ನೇಣಿಗೆ ಹಾಕದೆ ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲೆಂದನು. ಸೆರೆಗಿಂತ, ಕಡಲಾಚೆಯ ವಾಸಕ್ಕಿಂತ ಸಾವೇ ಲೇಸೆಂದನು. ನಾವು ಮೇಲೆ ವಿವೇಚಿಸಿದ ಎರಡು ಶಬ್ದಗಳನ್ನು ಇಲ್ಲಿಗೆ ಹಚ್ಚಿ ನೋಡ್ಡರೆ, ಈ ದೃಶ್ಯದ ಅರ್ಥ ಟೇಲರನು ಕಂಡುದಕ್ಕಿಂತ ವಿಶಾಲವಾಗುತ್ತದೆ. ಮಾತು ಕೇಳುವುದು ಒಂದು, ತೂಕ ಕೊಡುವುದು ಇನ್ನೊಂದು. ವೆಂಕಟಪ್ಪನಾಯಕನು ಮೊದಲನೆಯದನ್ನು ನಿರಾಕರಿಸಿ ಎರಡನೆಯದನ್ನು ಉಳಿಸಿಕೊಂಡನು. ಎದುರಿಗಿದ್ದವನನ್ನು ಹಗುರಮಾಡಲಿಲ್ಲ; ಅವನ ಪ್ರಶ್ನೆಗೆ ಸುಳ್ಳು ಹೇಳಿ ಸಾಗಹಾಕಲಿಲ್ಲ; ಹೇಳಲಾರೆನೆಂದು ಮುಖಕ್ಕೆ ಮುಖ ಕೊಟ್ಟು ಹೇಳಿದನು. ಕ್ರೈಸ್ತನಲ್ಲದ, ಸೆರೆಯಲ್ಲಿದ್ದ ಒಬ್ಬ ಬೇಡರ ದೊರೆ ಐದನೆಯ ಆಜ್ಞೆಯ ಹೀಬ್ರೂ ಧಾತ್ವರ್ಥವನ್ನು ತನ್ನ ನಡತೆಯಿಂದ ಸ್ಪಷ್ಟಪಡಿಸಿದನು. ಪ್ರಶ್ನೋತ್ತರಮಾಲೆಯಲ್ಲಿ ಬೆಳೆದವನಿಗೆ ಅದು ಹೊಳೆಯಲಿಲ್ಲ.

ಹೀಗೆ ಓದುವುದಕ್ಕೆ ಆಕ್ಷೇಪ ಬರಬಹುದು. ಮಾತು ಕೇಳದೆ ಗೌರವಿಸುವುದೆಂಬುದು ಬರಿಯ ಮಾತಿನ ಚಮತ್ಕಾರ, ಮನೆಯಲ್ಲಾಗಲಿ ನಾಡಿನಲ್ಲಾಗಲಿ ಅದು ನಡೆಯದು ಎನ್ನುವವರಿದ್ದಾರೆ. ಅವರಿಗೆ ನಮ್ಮ ಸಾಹಿತ್ಯವೇ ಉತ್ತರ ಕೊಡಬಲ್ಲುದು. ಪ್ರಹ್ಲಾದನನ್ನು ಮಾತು ಕೇಳದ ಮಗನೆಂದು ಯಾರೂ ನಿಂದಿಸಿಲ್ಲ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಬಸವಣ್ಣನು ತಂದೆಯ ಇಚ್ಛೆಯನ್ನು ಮೀರಿ ಉಪನಯನವನ್ನು ಒಲ್ಲೆನೆನ್ನುತ್ತಾನೆ. ಹರಿಹರನ ರಗಳೆಯಲ್ಲಿಯಾದರೋ ತಂದೆತಾಯಿಗಳು ಮೊದಲೇ ತೀರಿಕೊಂಡಿರುತ್ತಾರೆ. ಮಗನು ತಂದೆಗೆ ಎದುರಾಡುವ ಸಂದರ್ಭವೇ ಒದಗುವುದಿಲ್ಲ. ಹರಿಹರನಿಗೆ ಆ ಸಂದರ್ಭ ಇಷ್ಟವಾಗಲಿಲ್ಲವೋ ಬೇರೆ ಪರಂಪರೆ ದೊರೆತಿತ್ತೋ, ಅದು ಬೇರೆಯೇ ಚರ್ಚೆ. ಕ್ರೈಸ್ತರಲ್ಲಿಯೂ ಇದಕ್ಕೆ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಟೇಲರನು ಸುರಪುರದಲ್ಲಿ ರಾಜಪುತ್ರನಿಗೆ ವಿಧೇಯತೆಯನ್ನು ಕಲಿಸುತ್ತಿದ್ದ ವರ್ಷಗಳಲ್ಲಿಯೇ, 1844ರಲ್ಲಿ, ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ಯುವಕನು ಮನೆಯವರ ತೀವ್ರ ವಿರೋಧವನ್ನು ಮೀರಿ ಬಾಸೆಲ್ ಮಿಷನ್ನಿನವರಿಂದ ದೀಕ್ಷಾಸ್ನಾನ ಪಡೆದನು. ಮುಂದೆ ಅದೇ ಮಿಷನ್ನಿನಲ್ಲಿ ಬೋಧಕನಾದನು. ಅಲ್ಲಿ ಕ್ರೈಸ್ತ ಬೋಧನೆಯೇ ಮಗನನ್ನು ಹೆತ್ತವರ ಮಾತಿನಿಂದ ಹೊರಗೆ ತಂದಿತು. ತನಗಿಂತ ತಂದೆತಾಯಿಗಳನ್ನು ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲವೆಂಬ ಅರ್ಥದ ಕ್ರಿಸ್ತವಚನ ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಕನ್ನಡ ನಾಡಿನ ಕ್ರೈಸ್ತ ಮನೆತನಗಳಲ್ಲಿ ಎಷ್ಟೋ ಮನೆತನಗಳ ಮೂಲದಲ್ಲಿ ಇಂತಹ ಒಬ್ಬ ಮಾತು ಕೇಳದ ಮಗನೋ ಮಗಳೋ ಇದ್ದಾರೆ. ಅವರ ಮೊಮ್ಮಕ್ಕಳಿಗೆ ಭಾನುವಾರದ ಪಾಠಶಾಲೆಯಲ್ಲಿ ಎಫೆಸದ ವಾಕ್ಯವನ್ನು ಹೇಳಿಕೊಡುವಾಗ ಈ ಸಂಗತಿಯನ್ನೂ ಹೇಳಿಕೊಟ್ಟರೆ ಆ ವಾಕ್ಯಕ್ಕೆ ನಷ್ಟವೇನೂ ಆಗದು.

ಟೇಲರನ ಗ್ರಂಥ ನಮ್ಮ ಕೈಗೆ ಬಂದ ಬಗೆಯೂ ಈ ವಿಷಯಕ್ಕೆ ಸೇರಿದ್ದೇ. ಅವನು 1876ರಲ್ಲಿ ತೀರಿಕೊಂಡನು. ಆತ್ಮಕಥೆ ಪ್ರಕಟವಾದುದು 1877ರಲ್ಲಿ, ಮಗಳು ಆಲಿಸಳ ಸಂಪಾದನೆಯಲ್ಲಿ. ಅಂದರೆ ಸುರಪುರದ ‘ಅಪ್ಪ’ನ ಕಥೆಯನ್ನು ಲೋಕಕ್ಕೆ ಒಪ್ಪಿಸಿದವಳು ಅವನನ್ನು ನಿಜವಾಗಿಯೂ ಅಪ್ಪನೆಂದು ಕರೆಯತಕ್ಕವಳು. ತಂದೆಯ ಮಾತನ್ನು ಉಳಿಸುವ ಈ ಶ್ರದ್ಧೆಗೆ ನಾವು ಋಣಿಗಳು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನೂ ಸುರಪುರ ಸೀಮೆಯ ಪ್ರಾಚೀನ ಸಮಾಧಿಗಳನ್ನೂ ವಿದ್ವಜ್ಜನರ ಗಮನಕ್ಕೆ ತಂದ ಸಂಶೋಧಕನಿಗೆ ಆ ಗೌರವ ಸಲ್ಲತಕ್ಕದ್ದೇ. ಈಶ್ವರಮ್ಮನ ಮಾತುಗಳನ್ನು ಹೀಗೆ ಕೂಡಿಸಿಡುವವರು ಒದಗಲಿಲ್ಲ. ಅವಳ ಮಗನು ಅವಳನ್ನು ಏನೆಂದು ಕರೆಯುತ್ತಿದ್ದನೆಂಬ ಒಂದು ಶಬ್ದವಾದರೂ ಅನುವಾದವಾಗದೆ ಆ ಗ್ರಂಥದಲ್ಲಿ ಉಳಿದಿದ್ದರೆ ನಮ್ಮ ಓದು ಬೇರೆಯಾಗುತ್ತಿತ್ತು.

ಈ ಭಾಗಗಳನ್ನು ಕನ್ನಡಕ್ಕೆ ತರುವವರಿಗೆ ಒಂದು ಸೂಚನೆಯನ್ನು ಮಾಡಬಹುದೆಂದು ತೋರುತ್ತದೆ. ಸೆರೆಮನೆಯ ದೃಶ್ಯದಲ್ಲಿ ‘ಅಪ್ಪಾ’ ಎಂಬುದನ್ನು ‘ತಂದೆಯೇ’ ಎಂದು ಗ್ರಾಂಥಿಕಗೊಳಿಸಕೂಡದು. ಆ ಕೂಗಿನಲ್ಲಿ ತಂದೆಯನ್ನು ಕರೆದದ್ದೆಷ್ಟು, ಗುರುವನ್ನು ಕರೆದದ್ದೆಷ್ಟು, ಪೆಟ್ಟು ಬಿದ್ದವನು ನೋವಿನಿಂದ ಕೂಗಿದ್ದೆಷ್ಟು ಎಂಬುದನ್ನು ಟೇಲರನು ಕೇಳಿಸಿಕೊಳ್ಳಲಿಲ್ಲ. ಸುರಪುರದ ಕನ್ನಡವನ್ನು ಬಲ್ಲ ಓದುಗನು ಕೇಳಿಸಿಕೊಳ್ಳುತ್ತಾನೆ.